ಹೆಬ್ಬೆರಳಿನ ಕೆಳಗಿನ ಸಾಲು

“ಗುರುಗಳೇ, ಶಾಸ್ತ್ರ ಉಳ್ಳವರ ಕಡೆಗೋ, ಇಲ್ಲದವರ ಕಡೆಗೋ?” ಎಂದು ಶಿಷ್ಯ ಕೇಳಿದ.

ಕೇಳಲು ಕಾರಣವಿತ್ತು. ಮರುದಿನ ಒಬ್ಬ ವರ್ತಕನ ಹೊಸ ಉಗ್ರಾಣದ ಪೂಜೆ. ಅಲ್ಲಿ ಶಿಷ್ಯನ ಮೊದಲ ಪ್ರವಚನ. ಗಳಿಸಿದ್ದೆಲ್ಲ ಗಳಿಸಿದವನಿಗೇ ಸಲ್ಲಬೇಕು ಅನ್ನುವ ಮಾತು ಶಾಸ್ತ್ರದಲ್ಲಿ ಇದ್ದೇ ಇರುತ್ತದೆ, ಹುಡುಕಿ ತನ್ನಿ ಎಂದು ವರ್ತಕ ಹೇಳಿಕಳಿಸಿದ್ದ. ಬರಿಗೈಲಿ ಹೇಳಿಕಳಿಸಿರಲಿಲ್ಲ, ಜರಿಯಂಚಿನ ಶಾಲೂ ಜೊತೆಗೆ ಬಂದಿತ್ತು. ಶಿಷ್ಯ ಅದನ್ನು ಆಗಲೇ ಹೊದ್ದು ಕೂತಿದ್ದ, ಅದೂ ಬೇಸಿಗೆಯಲ್ಲಿ.

ಗುರುಗಳು ಶಾಲನ್ನೊಮ್ಮೆ ನೋಡಿದರು. ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಸಾಹುಕಾರ. ಎಂಥವನು ಅಂದರೆ, ತುಪ್ಪದ ಗಡಿಗೆಗೆ ಸುಣ್ಣದ ಗೆರೆ ಎಳೆದು ಅಂಗಡಿಗೆ ಹೋಗುತ್ತಿದ್ದ. ಸಂಜೆ ಬಂದವನು ಮೊದಲು ಗೆರೆ ನೋಡಿ, ಆಮೇಲೆ ಹೆಂಡತಿಯ ಮುಖ ನೋಡುತ್ತಿದ್ದ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅವನು ಹೊಳೆದಂಡೆಯಲ್ಲಿ ಜೋಳದ ಹೊಲ ಕೊಂಡ.

ಆ ಸೀಮೆಯಲ್ಲಿ ಒಂದು ಪದ್ಧತಿ. ಕೊಯ್ಲು ಮುಗಿದ ಮೇಲೆ ನೆಲಕ್ಕೆ ಬಿದ್ದ ತೆನೆ ಹೊಲದವನದಲ್ಲ. ಅದು ಹಕ್ಕಲು; ಆಯ್ದುಕೊಳ್ಳುವ ಬಡ ಹೆಂಗಸರದು. ಹೊಲದವನು ಕೊನೆಯ ಬಂಡಿಯಲ್ಲಿ ಕೂತು ಮನೆಗೆ ಹೋಗಬೇಕು, ತಿರುಗಿ ನೋಡಬಾರದು.

ಸಾಹುಕಾರ ತಿರುಗಿ ನೋಡಿದ. ಹೆಂಗಸರ ಮಡಿಲು ತುಂಬುತ್ತಿರುವುದು ಕಂಡಿತು. ಹೊಟ್ಟೆಗೆ ಬೆಂಕಿ ಬಿತ್ತು. ಮರುವರ್ಷ ಹಕ್ಕಲಿಗೆ ಕಾವಲು ಹಾಕಿದ.

ಇದು ಅಧರ್ಮ ಅಂದಿತು ಊರು. ಸಾಹುಕಾರ ಒಬ್ಬ ಶಾಸ್ತ್ರಿಯನ್ನು ಕರೆಸಿದ. ಪುಸ್ತಕ ಬಿಚ್ಚುವ ಮೊದಲೇ ಶಾಲು ಹೊದಿಸಿದ. ಬಿಚ್ಚಿದ ಮೇಲೆ ಏನು ಬರುತ್ತದೋ ಯಾರು ಕಂಡರು! ಕೊನೆಯ ಬಂಡಿ ತುಂಬಿದ ದಿನ ಶಾಸ್ತ್ರಿ ಹೊಲದ ಬದುವಿನ ಮೇಲೆ ನಿಂತ. ಹೆಬ್ಬೆರಳನ್ನು ಪುಟದ ಬುಡಕ್ಕೆ ಒತ್ತಿ ಹಿಡಿದು ಓದಿದ.

“ಬೆನ್ನು ಬಗ್ಗಿಸಿ ದುಡಿದವನಿಗೇ ಫಲ.”

“ಕೇಳಿದಿರಾ?” ಅಂದ ಸಾಹುಕಾರ. “ಇದು ನನ್ನ ಮಾತಲ್ಲ, ಶಾಸ್ತ್ರದ ಮಾತು. ಬಂಡಿ ಮೇಲಿನದೂ ನನ್ನದೇ, ನೆಲದ ಮೇಲಿನದೂ ನನ್ನದೇ.”

ಹೆಂಗಸರ ಗುಂಪಿನಲ್ಲಿ ಒಬ್ಬ ಮುದುಕಿ. ಮನೆಯಲ್ಲಿ ತಾಯಿ ಇಲ್ಲದ ಐದು ಮೊಮ್ಮಕ್ಕಳು. ಹಕ್ಕಲು ಸಿಕ್ಕರೆ ಮೂರು ತಿಂಗಳ ರೊಟ್ಟಿ, ಸಿಗದಿದ್ದರೆ ತಣ್ಣೀರು. ಅವಳು ಮುಂದೆ ಬಂದಳು.

“ಅಯ್ನೋರೇ, ಇನ್ನೊಂದು ಸಲ ಓದ್ರಿ.”

ಶಾಸ್ತ್ರಿ ಓದಿದ.

“ಬೆನ್ನು ಬಗ್ಗಿಸಿದವರಿಗೇ ಅಂತ ತಾನೇ? ಒಳ್ಳೇದೇ ಆಯ್ತು. ಸಾಹುಕಾರ್ರು ಬಗ್ಗಲಿ. ಅವರ ಬೆನ್ನು ಸಾಕು ಅನ್ನೋವರೆಗೆ ಆಯ್ದದ್ದು ಅವರದು, ಉಳಿದದ್ದು ನಮ್ಮದು. ಶಾಸ್ತ್ರ ಮೀರೋದು ಬ್ಯಾಡಪ್ಪ!”

ಅಲ್ಲಿ ಸೇರಿದ್ದ ಊರ ಹಿರಿಯರು ಸರಿ ಅಂದರು. ತಾನೇ ಓದಿಸಿದ ಮಾತು. ಸಾಹುಕಾರ ಉಗುಳುವಂತಿಲ್ಲ, ನುಂಗುವಂತಿಲ್ಲ.

“ಆಳುಗಳನ್ನು ಕರೆಸುತ್ತೇನೆ” ಅಂದ.

“ಆಗ ಫಲ ಆಳಿನದಾಗ್ತದಲ್ಲ!” ಅಂದಳು ಮುದುಕಿ.

ಸಾಹುಕಾರ ಪಂಚೆ ಎತ್ತಿ ಕಟ್ಟಿ ಹೊಲಕ್ಕೆ ಇಳಿದ. ಒಂದು ತೆನೆ ಎತ್ತಿದ, ಎರಡು ಎತ್ತಿದ. ಹದಿನೇಳನೆಯದಕ್ಕೆ ಬಗ್ಗಿದವನು ಬಗ್ಗಿದಂತೆಯೇ ನಿಂತ. ಬೆನ್ನು ಹಿಡಿದಿತ್ತು. ಏಳಲಾರ, ಕೂರಲಾರ, ಕೆರೆಗೆ ಬಾಯಿ ಹಾಕಿದ ಎತ್ತಿನ ಹಾಗೆ ನಿಂತ. ಮೊದಲು ನಕ್ಕವಳು ಯಾರು ಅಂತೀಯ? ಬುತ್ತಿ ತಂದಿದ್ದ ಅವನ ಹೆಂಡತಿ.

“ಎತ್ರೋ ಯಾರಾದ್ರೂ!” ಎಂದು ಕೂಗಿದ.

ಶಾಲಿನ ಋಣ, ಏನು ಮಾಡುವುದು? ಶಾಸ್ತ್ರಿ ಪುಸ್ತಕವನ್ನು ತೆರೆದಂತೆಯೇ ಬದುವಿನ ಮೇಲಿಟ್ಟು ಅವನನ್ನು ಎತ್ತಲು ಓಡಿದ. ಅಷ್ಟು ಹೊತ್ತೂ ಅಂಟಿಕೊಂಡಿದ್ದ ಹೆಬ್ಬೆರಳು ಆಗ ಪುಟ ಬಿಟ್ಟಿತು. ಸಾಹುಕಾರನ ಹೆಂಡತಿಗೆ ನಾಲ್ಕಕ್ಷರ ಓದಲು ಬರುತ್ತಿತ್ತು. ಗಂಡನಿಗೇ ಅದು ಗೊತ್ತಿರಲಿಲ್ಲ. ಅವಳು ಬಂದು ಬಗ್ಗಿ ನೋಡಿದಳು. ಪುಟದ ಬುಡದಲ್ಲಿ ಬೆವರಿನ ಗುರುತು. ಗುರುತಿನೊಳಗೆ ಇನ್ನೊಂದು ಸಾಲು. ಇಡೀ ಹೊಲಕ್ಕೆ ಕೇಳುವಂತೆ ಓದಿದಳು.

“ನೆಲಕ್ಕೆ ಬಿದ್ದದ್ದು ಹಸಿದವರದು, ಅದಕ್ಕೆ ಕಾವಲು ಹಾಕಿದವನು ಕಳ್ಳ.”

ಹೆಂಗಸರು ಹೋ ಎಂದರು. ಕಾವಲಿನವನೂ ಕೋಲು ಬಿಸಾಡಿ ಹೋ ಎಂದ. ಸಾಹುಕಾರನನ್ನು ಬಂಡಿಗೆ ಎತ್ತಿ ಹಾಕಿದವರು ಕೊನೆಗೆ ಆ ಹೆಂಗಸರೇ, ಕಾಳಿನ ಮೂಟೆ ಎತ್ತಿದ ಹಾಗೆ. ಮುದುಕಿ ಅವನ ಹದಿನಾರು ತೆನೆಯನ್ನೂ ಮರೆಯದೆ ಪಕ್ಕದಲ್ಲಿಟ್ಟಳು. “ದುಡಿದದ್ದು ದುಡಿದವರಿಗೆ ಸೇರಲಿ” ಅಂದಳು.

ಹೊತ್ತು ಮುಳುಗುವ ತನಕ ಅವರು ಹಾಡುತ್ತ ಹಕ್ಕಲು ಆಯ್ದರು. ಮುದುಕಿಯ ಮಡಿಲು ತುಂಬಿ, ಹರಿದ ಸೀರೆಯ ಸೆರಗೂ ತುಂಬಿತು. ಬಂಡಿ ಊರ ದಾರಿ ಹಿಡಿಯಿತು. ಆ ಸಲ ಸಾಹುಕಾರ ಪದ್ಧತಿ ಮೀರಲಿಲ್ಲ, ತಿರುಗಿ ನೋಡಲಿಲ್ಲ. ನೋಡಲು ಕತ್ತು ತಿರುಗಬೇಕಲ್ಲ! ತುಪ್ಪದ ಗಡಿಗೆಯ ಗೆರೆಯೂ ಅಂದೇ ಅಳಿಸಿಹೋಯಿತು. ಅಳಿಸಿದವರು ಯಾರು ಅಂತ ನಾನು ಬೇರೆ ಹೇಳಬೇಕೇ?

ಶಿಷ್ಯ ಹೊಟ್ಟೆ ಹಿಡಿದು ನಕ್ಕ. “ಹೆಂಗಸರೇ ಗೆದ್ದರು ಬಿಡಿ! ಹಾಗಾದರೆ ಶಾಸ್ತ್ರ ಬಡವರ ಕಡೆಗೇ, ಅಲ್ಲವೇ ಗುರುಗಳೇ?”

“ಶಾಸ್ತ್ರದ ಸಂಗತಿ ಇರಲಿ ತಮ್ಮಾ, ನಾಳೆ ನಿನ್ನ ಹೆಬ್ಬೆರಳು ಎಲ್ಲಿರುತ್ತದೆ?”