ಫಿಲ್ಮು ಹೇಳಿದ ಸಾಕ್ಷಿ

ಚಂಪವ್ವನ ಟ್ರಂಕಿನಲ್ಲಿ, ಸೀರೆಗಳ ಅಡಿ ಏಳು ವರ್ಷ ಮಲಗಿದ್ದ ಹಳೆಯ ಮ್ಯಾಮೊಗ್ರಾಮ್ ಫಿಲ್ಮಿಗೆ ತನ್ನ ಮೇಲೆ ಬಹಳ ಹೆಮ್ಮೆ. ಅವಳ ಸ್ತನದಲ್ಲಿ ಗಂಟು ಏನೂ ಇಲ್ಲವೆಂದು ಹೇಳಿ ನೆಮ್ಮದಿ ಕೊಟ್ಟದ್ದು ತಾನೇ ಅಲ್ಲವೆ? ಆ ಮಾತು ನಂಬಿದ ಚಂಪವ್ವ ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಈಗ ಸೊಸೆಯ ಒತ್ತಾಯಕ್ಕೆ, ಆ ಫಿಲ್ಮನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಬಂದಳು. ಹೊಸ ಡಿಜಿಟಲ್ ಯಂತ್ರ ಚಿತ್ರ ತೆಗೆದು, ಪರದೆಯ ಮೇಲೆ ಸಾಸಿವೆಯಷ್ಟು ಚುಕ್ಕೆಯೊಂದನ್ನು ತೋರಿಸಿತು. "ಸೂಜಿ ಹಾಕಿ ಪರೀಕ್ಷೆ ಮಾಡಬೇಕು" ಎಂದರು ಡಾಕ್ಟರಮ್ಮ.

ಚಂಪವ್ವ ಫಿಲ್ಮನ್ನು ಮುಂದೆ ಚಾಚಿದಳು. "ಬ್ಯಾಡ್ರೀ. ಇದನ್ನ ನೋಡಿ ಏನೂ ಇಲ್ಲ ಅಂತ ಆವಾಗ್ಲೇ ಹೇಳ್ಯಾರ."

ಡಾಕ್ಟರಮ್ಮ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪರದೆ ಫಿಲ್ಮನ್ನು ಕೇಳಿತು: "ಹಿರಿಯರೇ, ಈ ಚುಕ್ಕೆ ಆಗ ಇರಲಿಲ್ಲವೆ?"

ಇರಲಿಲ್ಲ ಎಂದಿದ್ದರೆ ಫಿಲ್ಮಿನ ಮಾನ ಉಳಿಯುತ್ತಿತ್ತು. ಆದರೆ ತನ್ನನ್ನೇ ನಂಬಿ ಕುಳಿತ ಚಂಪವ್ವನನ್ನು ಕಂಡು ಅದು ನಿಜ ನುಡಿಯಿತು: "ನನ್ನಲ್ಲಿ ಆ ಜಾಗವೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಿದೆ. ನನಗೆ ಕಾಣಲಿಲ್ಲ. ಕಾಣದ್ದನ್ನೇ ಇಲ್ಲವೆಂದುಬಿಟ್ಟೆ."

"ನೋಡಮ್ಮ, ಇಲ್ಲಿ ಬರೀ ಬಿಳುಪು. ಗಂಟು ಇದ್ದಿದ್ದರೂ ಕಾಣುತ್ತಿರಲಿಲ್ಲ" ಎಂದು ಡಾಕ್ಟರಮ್ಮ ಅದನ್ನು ಅವಳಿಗೂ ತೋರಿಸಿದರು. ಚಂಪವ್ವ ಬಹಳ ಹೊತ್ತು ನೋಡಿ, ಸೂಜಿಗೆ ಒಪ್ಪಿದಳು.

ಇನ್ನೊಂದು ಸ್ತನದ ಚಿತ್ರ ಮೂಡಿತು. "ಇಲ್ಲಿ ಏನೂ ಇಲ್ಲ" ಎನ್ನಹೊರಟ ಪರದೆ, ಫಿಲ್ಮಿನ ಕಡೆ ನೋಡಿ ಮಾತು ತಿದ್ದಿಕೊಂಡಿತು:

"ಇಲ್ಲಿ ನನಗೆ ಏನೂ ಕಾಣಲಿಲ್ಲ. ಮುಂದಿನ ಸಲವೂ ಬನ್ನಿ, ಮತ್ತೆ ನೋಡೋಣ."