ಡ್ರಾ ಬೇಡವೆಂದ ಆಟಗಾರ್ತಿ

“ಗುರುಗಳೇ, ಸಿಕ್ಕಿದ್ದರಲ್ಲಿ ತೃಪ್ತಿಪಡಬೇಕೆಂದು ನೀವೇ ಕಲಿಸಿದ್ದೀರಿ. ಈಗ ದೊಡ್ಡದೊಂದು ಪಾಠಶಾಲೆ ನಡೆಸಲು ನನಗೆ ಕರೆ ಬಂದಿದೆ. ಇಲ್ಲಿ ಹತ್ತು ಮಕ್ಕಳಿಗೆ ಪಾಠ ಹೇಳಿಕೊಂಡು ನಾನು ತೃಪ್ತನಾಗಿದ್ದೇನೆ. ಬರುವುದಿಲ್ಲ ಎಂದುಬಿಟ್ಟರೆ ತಪ್ಪೇ?”

ಶಿಷ್ಯ ಹೀಗೆ ಕೇಳಿದಾಗ ಗುರುಗಳು ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಚದುರಂಗದ ಆಟಗಾರ್ತಿ ಇದ್ದಳು. ಆಟವೇ ಅವಳ ಕಸುಬು. ಒಂಬತ್ತನೆಯ ವಯಸ್ಸಿಗೆ ಹಲಗೆಯ ಮುಂದೆ ಕುಳಿತವಳು ಇಪ್ಪತ್ತಮೂರಕ್ಕೆ ದೇಶದ ಮಹಿಳಾ ಪಂದ್ಯಾವಳಿಯ ಕೊನೆಯ ಸುತ್ತು ಮುಟ್ಟಿದಳು. ಅಂದು ಸೋಲದಿದ್ದರೆ ಸಾಕು, ಪ್ರಶಸ್ತಿ ಅವಳದೇ. ಎದುರಾಳಿ ಅವಳಿಗಿಂತ ಹಿರಿಯಳು, ಪಳಗಿದವಳು. ಹದಿನೆಂಟನೆಯ ನಡೆಗೆ ಆಕೆ ಡ್ರಾ ಕೇಳಿದಳು. ಹಲಗೆಯ ಮೇಲೆ ಕಿರಿಯಳ ಕಾಯಿಗಳೇ ಬಲವಾಗಿದ್ದವು. ಅದು ಅವಳಿಗೂ ಕಾಣುತ್ತಿತ್ತು. ಆದರೂ ಡ್ರಾಕ್ಕೆ ಒಪ್ಪಿ ಕೈ ಚಾಚಿದಳು.

ಕಾಯಿಗಳನ್ನು ಡಬ್ಬಿಗೆ ತುಂಬುತ್ತ ಹಿರಿಯಳು ಮೆಲ್ಲಗೆ ಹೇಳಿದಳು, “ಇನ್ನೊಂದಿಷ್ಟು ಆಡಿದ್ದರೆ ನಾನು ಸೋಲುತ್ತಿದ್ದೆ ಕಣಮ್ಮಾ.”

“ಪ್ರಶಸ್ತಿ ಬಂತಲ್ಲ ಅಕ್ಕ, ಸಾಕು ಬಿಡಿ,” ಎಂದಳು ಆಟಗಾರ್ತಿ.

ಆ ಮಾತು ಅವಳ ಬಾಯಿಗೆ ಹತ್ತಿತು. ಮುಂದೆ ಹನ್ನೆರಡು ವರ್ಷ ಅವಳು ಊರೂರು ಸುತ್ತಿ ಆಡಿದಳು. ತನಗಿಂತ ಕಡಿಮೆಯವರನ್ನು ಸೋಲಿಸುತ್ತಿದ್ದಳು. ದೊಡ್ಡ ಹೆಸರಿನವರು ಎದುರಾದರೆ ಆಟ ಅರ್ಧಕ್ಕೆ ಬರುವ ಮೊದಲೇ ಡ್ರಾ ಕೇಳುತ್ತಿದ್ದಳು. ಅರ್ಧ ಅಂಕ ಬಂತು, ಸಾಕು. ಅವಳನ್ನು ಸೋಲಿಸುವುದು ಕಷ್ಟವೆಂದು ಎಲ್ಲರೂ ಹೊಗಳಿದರು. ಅವಳಿಗೂ ಅದು ನೆಮ್ಮದಿಯೆಂದೇ ತೋರಿತು. ಗ್ರ್ಯಾಂಡ್‌ಮಾಸ್ಟರ್ ಪದವಿ ಮಾತ್ರ ಒಂದು ಮೆಟ್ಟಿಲ ಆಚೆಯೇ ಉಳಿಯಿತು. ಆ ಮಾತನ್ನು ಯಾರಾದರೂ ಎತ್ತಿದರೆ ನನಗೆ ಅಷ್ಟು ಆಸೆಯಿಲ್ಲ ಎನ್ನುತ್ತಿದ್ದಳು.

ಮೂವತ್ತೈದನೆಯ ವಯಸ್ಸಿನಲ್ಲಿ ಅವಳು ಒಂದು ಬಂದರು ಪಟ್ಟಣದ ಪಂದ್ಯಾವಳಿಗೆ ಹೋದಳು. ಗಂಡಸರೂ ಹೆಂಗಸರೂ ಕೂಡಿ ಆಡುವ ಪಂದ್ಯಾವಳಿ ಅದು. ಕೊನೆಯ ಸುತ್ತಿನಲ್ಲಿ ಅವಳ ಎದುರಿಗೆ ಬಂದವನು ಎಲ್ಲರಿಗಿಂತ ಮುಂದಿದ್ದ ಹೆಸರಾಂತ ಗ್ರ್ಯಾಂಡ್‌ಮಾಸ್ಟರ್. ಅವಳು ಅವನಿಗಿಂತ ಅರ್ಧ ಅಂಕ ಹಿಂದಿದ್ದಳು. ಡ್ರಾ ಆದರೆ ಅವನಿಗೆ ಮೊದಲ ಸ್ಥಾನ, ಅವಳಿಗೆ ಎರಡನೆಯದು. ಗೆದ್ದರೆ ಮೊದಲ ಸ್ಥಾನದ ಜೊತೆಗೆ ಪದವಿಯೂ ಅವಳದು. ಸೋತರೆ ಎಲ್ಲೋ ಏಳನೆಯವಳು, ಎಂಟನೆಯವಳು.

ಇಪ್ಪತ್ತೆರಡನೆಯ ನಡೆಗೆ ಅವನು ಡ್ರಾ ಕೇಳಿದ. ಕೇಳಿ, ಅವಳ ಉತ್ತರಕ್ಕೂ ಕಾಯದೆ ನಡೆಗಳನ್ನು ಬರೆದುಕೊಳ್ಳುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿಕೊಂಡ.

ಸಾಕು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆ ಮುಚ್ಚಳ ಕಂಡು ಅದು ಅಲ್ಲಿಯೇ ನಿಂತಿತು. ಇವನಿಗೆ ನನ್ನ ಉತ್ತರ ಮೊದಲೇ ಗೊತ್ತಿದೆಯಲ್ಲ ಎಂದುಕೊಂಡಳು. ಅವನ ಮುಖ ಬಿಟ್ಟು ಹಲಗೆ ನೋಡಿದಳು. ಅವನ ಕುದುರೆ ಮೂಲೆಯಲ್ಲಿ ಸಿಕ್ಕಿಬಿದ್ದಿತ್ತು. ಹೆಸರು ಕೇಳದ ಯಾರೋ ಅಲ್ಲಿ ಕುಳಿತಿದ್ದರೆ ನಾನು ಡ್ರಾ ಕೊಡುತ್ತಿದ್ದೆನೇ? ಕೊಡುತ್ತಿರಲಿಲ್ಲ. ಹಾಗಾದರೆ ಸಾಕು ಎನ್ನುತ್ತಿರುವುದು ನನ್ನ ತೃಪ್ತಿಯಲ್ಲ, ಹೆದರಿಕೆ. ಹನ್ನೆರಡು ವರ್ಷದಿಂದಲೂ ಅದೇ. ಅವಳ ಕಿವಿ ಬಿಸಿಯಾಯಿತು.

“ಆಡೋಣ ಸರ್,” ಎಂದು ಆನೆಯನ್ನು ಮುಂದೆ ನಡೆಸಿದಳು.

ಅವನು ಪೆನ್ನಿನ ಮುಚ್ಚಳ ತೆಗೆದ.

ಆಟ ಇನ್ನೂ ನಾಲ್ಕು ಗಂಟೆ ನಡೆಯಿತು. ನಡುವೆ ಅವಳು ಒಂದು ತಪ್ಪು ಮಾಡಿದಳು. ಸಿಕ್ಕಿಬಿದ್ದಿದ್ದ ಕುದುರೆ ಪಾರಾಯಿತು, ಆಟ ಸಮಸಮವಾಯಿತು. ಈಗಲಾದರೂ ಡ್ರಾ ಕೇಳಬಹುದಿತ್ತು. ಒಂದು ಲೋಟ ನೀರು ಕುಡಿದು ಮತ್ತೆ ಹಲಗೆಗೆ ಬಾಗಿದಳು. ಒಂದೊಂದೇ ಮನೆ ಗೆಲ್ಲುತ್ತ ಬಂದಳು. ಕೊನೆಗೆ ಹಲಗೆಯ ಮೇಲೆ ಇಬ್ಬರು ರಾಜರು, ಎರಡು ಆನೆ, ಅವಳದೊಂದು ಕಾಲಾಳು ಉಳಿದವು. ಆ ಕಾಲಾಳು ಕೊನೆಯ ಮನೆಯ ಹತ್ತಿರ ಬಂದಾಗ ಅವನು ಗಡಿಯಾರ ನಿಲ್ಲಿಸಿ ಎದ್ದು, ಸೋಲೊಪ್ಪಿ ಕೈ ಚಾಚಿದ. “ಚೆನ್ನಾಗಿ ಆಡಿದಿರಿ, ಮೇಡಂ,” ಎಂದ.

ಉಳಿದವರ ಆಟ ಯಾವಾಗಲೋ ಮುಗಿದಿತ್ತು. ಅವರೆಲ್ಲ ಮೇಜಿನ ಸುತ್ತ ಕಟ್ಟಿದ್ದ ಹಗ್ಗದ ಆಚೆ ಸೇರಿ ನಿಂತಿದ್ದರು. ಯಾರೋ ಚಪ್ಪಾಳೆ ಶುರುಮಾಡಿದರು, ಸಭಾಂಗಣವೆಲ್ಲ ತಟ್ಟಿತು. ಇಪ್ಪತ್ತಾರು ವರ್ಷ ಇಂಥ ಸಭಾಂಗಣಗಳಲ್ಲಿ ಪಿಸುಮಾತಿಗಿಂತ ಜೋರಾಗಿ ಮಾತಾಡದವಳು ಅಂದು ಬಾಯಿತುಂಬ ನಕ್ಕಳು.

“ಸೋತಿದ್ದರೆ ಎರಡನೆಯ ಸ್ಥಾನವೂ ಹೋಗುತ್ತಿತ್ತಲ್ಲ?” ಎಂದು ಪತ್ರಕರ್ತನೊಬ್ಬ ಕೇಳಿದ.

“ಹೋಗುತ್ತಿತ್ತು. ಆಡಿ ಕಳೆದುಕೊಂಡೆ ಅಂತ ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ,” ಎಂದಳು.

ಆಮೇಲೆಯೂ ಅವಳು ಎಷ್ಟೋ ಡ್ರಾ ಮಾಡಿಕೊಂಡಳು. ಆದರೆ ಹಲಗೆ ನೋಡಿ ಮಾಡಿಕೊಂಡಳು, ಎದುರಿಗೆ ಕುಳಿತವರ ಹೆಸರು ನೋಡಿ ಅಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಅವಳದು ಹೆದರಿಕೆ, ಒಪ್ಪಿದೆ. ಆದರೆ ನಾನು ನಿಜವಾಗಿಯೂ ತೃಪ್ತನಾಗಿದ್ದೇನೆ, ಗುರುಗಳೇ,” ಎಂದ.

ಗುರುಗಳು ಹೇಳಿದರು, “ತೃಪ್ತನಾದವನು ನನ್ನನ್ನು ಕೇಳಲು ಬರುತ್ತಿರಲಿಲ್ಲ.”