ಗುಣ ಕಾಣುತ್ತಿದೆ ಎಂದ ಕೇತಮ್ಮ

ಗಿಡಮೂಲಿಕೆಯ ವೈದ್ಯ ಕಲಿಯುತ್ತಿದ್ದ ಶಂಭುಲಿಂಗ ಒಂದು ದಿನ ತನ್ನ ಗುರುಗಳನ್ನು ಕೇಳಿದ: "ಗುರುಗಳೇ, ತನ್ನ ಮದ್ದು ಸಾಲದು ಎಂದು ವೈದ್ಯನೇ ಬಾಯಿಬಿಟ್ಟು ಹೇಳಿದರೆ ಜನ ಅವನನ್ನು ನಂಬುತ್ತಾರೆಯೇ?"

ಗುರುಗಳು ಅರೆಯುತ್ತಿದ್ದ ಬೇರನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಹಾಲಪ್ಪ ಎಂಬ ಪಂಡಿತನಿದ್ದ. ಎದೆಯ ತೊಂದರೆಗೆ ಅವನು ಹೊಳೆಮತ್ತಿ ಮರದ ತೊಗಟೆಯ ಕಷಾಯ ಕೊಡುತ್ತಿದ್ದ. ತೊಗಟೆಯನ್ನು ನೆರಳಲ್ಲಿ ಒಣಗಿಸಿ ಕುಟ್ಟಬೇಕು. ಹಾಲು ನೀರು ಬೆರೆಸಿ, ನೀರು ಇಂಗಿ ಹಾಲಷ್ಟೇ ಉಳಿಯುವವರೆಗೆ ಆ ಪುಡಿಯೊಂದಿಗೆ ಕುದಿಸಬೇಕು. ಇದು ಅವನ ತಂದೆ ಕಲಿಸಿದ ಕ್ರಮ. ಇದಕ್ಕಾಗಿಯೇ ಸುತ್ತಲಿನ ಊರುಗಳಿಂದ ಜನ ಬರುತ್ತಿದ್ದರು.

ಅದೇ ಊರಿನಲ್ಲಿ ಕೇತಮ್ಮ ಎಂಬವಳು ಬಿದಿರಿನ ಮೊರ, ಬುಟ್ಟಿ ಹೆಣೆದು ಬದುಕುತ್ತಿದ್ದಳು. ನಾಲ್ಕು ಹೆಜ್ಜೆ ನಡೆದರೆ ಎದೆ ಬಡಿದುಕೊಳ್ಳುತ್ತದೆ ಎಂದು ಅವಳು ಪಂಡಿತನ ಬಳಿ ಬಂದಳು. ಅವಳ ಮಗಳು ಕೈಗೂಸಾಗಿದ್ದಾಗ ಭೇದಿ ಹತ್ತಿ ಸಾಯುವಂತಾಗಿತ್ತು. ಆಗ ಎರಡು ದಿನ ಪಕ್ಕದಲ್ಲೇ ಕುಳಿತು ಮಗುವನ್ನು ಉಳಿಸಿದವನು ಇದೇ ಪಂಡಿತ. ಈಗ ಅವನು ಕಷಾಯ ಕೊಟ್ಟ. ಅವಳು ಒಂದು ದಿನವೂ ತಪ್ಪದೆ ಕುಡಿದಳು. ಹೇಗಿದೆ ಎಂದು ಅವನು ಕೇಳಿದಾಗಲೆಲ್ಲ, ಗುಣ ಕಾಣುತ್ತಿದೆ ಎನ್ನುತ್ತಿದ್ದಳು. ಪಂಡಿತನಿಗೆ ಹಿಗ್ಗು. ಬೇರೆ ರೋಗಿಗಳಿಗೆ ಅವಳನ್ನೇ ತೋರಿಸಿ, ಬೇಕಾದರೆ ಕೇತಮ್ಮನನ್ನು ಕೇಳಿ ನೋಡಿ ಎನ್ನುತ್ತಿದ್ದ.

ಹೀಗೆ ಆರು ತಿಂಗಳು ಕಳೆದವು. ಒಂದು ಬೆಳಿಗ್ಗೆ ಕೇತಮ್ಮ, ಪಂಡಿತನ ಹೆಂಡತಿ ಹೆಣೆಯಲು ಹೇಳಿದ್ದ ಮೊರವನ್ನು ಕೊಡಲು ಬಂದಳು. ಅಂಗಳದ ಬಾಗಿಲಿನಿಂದ ಜಗಲಿ ಹತ್ತು ಮಾರು ದೂರವೂ ಇರಲಿಲ್ಲ. ಅಷ್ಟರಲ್ಲಿ ಅವಳು ಮೂರು ಕಡೆ ನಿಂತಳು. ಕುಳಿತಾಗ ಪಂಡಿತನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಕಾಲುಂಗುರ ಬಾತ ಬೆರಳಿನಲ್ಲಿ ಹೂತುಹೋಗಿತ್ತು. ಅವನು ಪಾದವನ್ನು ಬೆರಳಿನಿಂದ ಒತ್ತಿದ. ಒತ್ತಿದಲ್ಲಿ ಗುಳಿ ಬಿದ್ದು ಹಾಗೆಯೇ ಉಳಿಯಿತು. ಮಲಗಿದರೆ ನಿದ್ದೆ ಬರುತ್ತದೆಯೇ ಎಂದು ಕೇಳಿದ. ಅವಳು ತಲೆ ತಗ್ಗಿಸಿದಳು. ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಾಳೆ, ಮಲಗಿದರೆ ಉಸಿರು ಸಿಕ್ಕುವುದಿಲ್ಲ ಎಂದು ಜೊತೆಗೆ ಬಂದಿದ್ದ ಗಂಡ ರಾಚಪ್ಪ ಹೇಳಿದ.

ಪಂಡಿತ ಒಳಗೆ ಹೋಗಿ ತೊಗಟೆಯ ಡಬ್ಬಿ ತೆಗೆದ. ಪ್ರಮಾಣ ಹೆಚ್ಚಿಸಿ ಕೊಡಬಹುದಿತ್ತು. ಅವಳು ಬೇಡ ಎನ್ನುತ್ತಿರಲಿಲ್ಲ. ಜಗಲಿಯಲ್ಲಿ ಪರ ಊರಿನ ನಾಲ್ವರು ಕಷಾಯಕ್ಕೆಂದು ಕಾಯುತ್ತಿದ್ದರು. ಅವರಿಗೆ ಎಲ್ಲವೂ ಕೇಳಿಸುತ್ತದೆ. ಅವನು ಬಹಳ ಹೊತ್ತು ಡಬ್ಬಿ ಹಿಡಿದು ನಿಂತ. ಆಮೇಲೆ ಅದನ್ನು ಮುಚ್ಚಿಟ್ಟು ಹೊರಗೆ ಬಂದ.

"ಕೇತಮ್ಮ, ನನ್ನ ಮದ್ದು ನಿನಗೆ ಸಾಲದು. ಇದನ್ನು ನಾನು ಮೊದಲೇ ನೋಡಬೇಕಿತ್ತು. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗೋಣ, ನಾನೂ ಬರುತ್ತೇನೆ" ಎಂದ.

ಕೇತಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಹೆದರಬೇಡ ಎಂದು ಪಂಡಿತ ಸಮಾಧಾನ ಹೇಳಲು ಹೋದ. ಅವಳು ತಲೆಯಾಡಿಸಿದಳು.

"ಹೆದರಿಕೆಯಿಂದ ಅಳುತ್ತಿಲ್ಲ ಪಂಡಿತರೇ. ಮೂರು ತಿಂಗಳಿಂದ ಇದು ನಾಟುತ್ತಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಮಗುವನ್ನು ಉಳಿಸಿದ ನಿಮ್ಮ ಮುಂದೆ ಅದನ್ನು ಹೇಗೆ ಹೇಳಲಿ? ಈಗ ನೀವೇ ಹೇಳಿದಿರಿ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು."

ಗಾಡಿ ಕಟ್ಟಿಸಿದರು. ತಾನು ಕೊಟ್ಟದ್ದು ಏನು, ಎಷ್ಟು, ಎಷ್ಟು ದಿನ ಎಂಬುದನ್ನೆಲ್ಲ ಪಂಡಿತ ಒಂದು ಕಾಗದದಲ್ಲಿ ಬರೆದುಕೊಂಡ. ಆಸ್ಪತ್ರೆಯ ಡಾಕ್ಟರು ಅದನ್ನು ಓದಿದರು, ಬೈಯಲಿಲ್ಲ. ಹೃದಯದ ಒಂದು ಕವಾಟ ಕಿರಿದಾಗಿದೆ, ತೊಗಟೆಯಿಂದ ಅದು ಅಗಲವಾಗುವುದಿಲ್ಲ, ಕಷಾಯ ನಿಲ್ಲಿಸಲಿ ಎಂದರು. ಇನ್ನೊಂದು ವಾರ ತಡೆದಿದ್ದರೆ ಕಷ್ಟವಿತ್ತು ಎಂದೂ ಹೇಳಿದರು. ಕವಾಟ ಅಗಲಿಸಲು ಅವಳನ್ನು ಒಳಗೆ ಕರೆದೊಯ್ದು ಹೊರಗೆ ತರುವವರೆಗೂ ಪಂಡಿತ ರಾಚಪ್ಪನ ಪಕ್ಕದ ಬೆಂಚು ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಅವಳು ಹಾಸಿಗೆಯ ಮೇಲೆ ಮಲಗಿ ಬೆಳಗಿನವರೆಗೆ ನಿದ್ದೆ ಮಾಡಿದಳು. ರಾಚಪ್ಪ ಅದನ್ನು ಕಂಡಕಂಡವರಿಗೆಲ್ಲ ಹೇಳಿದ.

ಪಂಡಿತನ ಮನೆಗೆ ಆಮೇಲೆ ಕೆಲವರು ಬರುವುದನ್ನು ಬಿಟ್ಟರು. ಬಂದವರು ಮಾತ್ರ, ಎಲ್ಲಿ ನೋಯುತ್ತದೆ, ಯಾವ ಮದ್ದು ನಾಟಲಿಲ್ಲ ಎಂಬುದನ್ನು ಮುಚ್ಚಿಡದೆ ಹೇಳತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ, ಹಾಗಾದರೆ ಜನರ ನಂಬಿಕೆ ಹೋಯಿತೋ ಉಳಿಯಿತೋ ಎಂದು ಮತ್ತೆ ಕೇಳಿದ.

"ಕೇತಮ್ಮ ಆ ಪಂಡಿತನನ್ನು ನಂಬಿದ್ದು ಗುಣ ಕಾಣುತ್ತಿದೆ ಎನ್ನುವಾಗಲೋ, ಅವನ ಮುಂದೆ ಅಳುವಾಗಲೋ, ನೀನೇ ಹೇಳು" ಎಂದರು ಗುರುಗಳು.